ಬೀಡಿ ಕಟ್ಟುವವಳ ಮಗನ ಸಿಗಾರು

ದಾಮೋದರ ಸತ್ತ ಹನ್ನೊಂದನೆಯ ದಿನ ಅವನ ಅಣ್ಣ ವಾಮನ ವಡೋದರದ ಮಕರಪುರದ ಮನೆಯ ಹಾಲ್‌ನಲ್ಲಿ ಕಾಲು ಚಾಚಿ ಕೂತು ಆ ಮಾತು ತೆಗೆದ.

“ನಾಡಿದ್ದು ಬೊಜ್ಜ. ಎಲೆಗೆ ಅವನಿಗೆ ಇಷ್ಟದ್ದೆಲ್ಲ ಬೀಳಬೇಕು. ಬಂಗುಡೆ, ಕೋಳಿ, ನೀರುದೋಸೆ ನೀನು ಮಾಡ್ತೀಯಲ್ಲ. ಒಂದು ಸಿಗಾರೂ ಇಟ್ಟುಬಿಡುವ.”

“ಅದು ಬೇಡ ಭಾವ,” ಎಂದಳು ದಾಮೋದರನ ಹೆಂಡತಿ ರಜನಿ.

“ಬೇಡ ಅಂದ್ರೆ?”

“ಬೇಡ ಅಂದ್ರೆ ಬೇಡ. ಇನ್ನು ಹೇಗೆ ಹೇಳುವುದು?”

ತುಳುನಾಡಿನ ಅವರ ಮನೆತನದಲ್ಲಿ ಹದಿಮೂರನೆಯ ದಿನದ ಬೊಜ್ಜಕ್ಕೆ ಸತ್ತವನಿಗೂ ಒಂದು ಬಾಳೆಲೆ ಹಾಕುತ್ತಾರೆ. ಒಂದು ಕೋಣೆಯಲ್ಲಿ ಎಲ್ಲವನ್ನೂ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ನಿಲ್ಲುತ್ತಾರೆ. ಅವನು ಬಂದು ಉಂಡು ಹೋಗುತ್ತಾನೆ. ಕಳ್ಳು ಕುಡಿಯುತ್ತಿದ್ದವನಿಗೆ ಕಳ್ಳು, ಬೀಡಿ ಸೇದುತ್ತಿದ್ದವನಿಗೆ ಬೀಡಿ. ಏನಾದರೂ ಬಾಕಿಯಾದರೆ ಆಸೆ ಹರಿಯುವುದಿಲ್ಲ, ಮನೆಯ ಸುತ್ತಲೇ ಇರುತ್ತಾನೆ ಎಂಬ ನಂಬಿಕೆ. ಆ ಎಲೆಗೆ ಬಿದ್ದದ್ದನ್ನು ಆಮೇಲೆ ಬದುಕಿದವರು ಮುಟ್ಟುವಂತಿಲ್ಲ. ಹೊಳೆಗೆ ಬಿಡಬೇಕು.

“ಅವನು ತಿರುಗಿ ಬಂದರೆ ನನ್ನನ್ನು ಹೇಳಬೇಡ,” ಎಂದ ವಾಮನ.

“ಬರಲಿ. ನನಗೂ ಕೇಳುವುದುಂಟು.”

ಅಡುಗೆಮನೆಯಲ್ಲಿದ್ದ ಹೆಂಗಸರು ಪಾತ್ರೆಯ ಸದ್ದು ನಿಲ್ಲಿಸಿದರು. ಗಂಡ ಸತ್ತು ಎರಡು ವಾರ ಆಗಿಲ್ಲ, ಇವಳ ಬಾಯಿ ನೋಡಿ ಎಂದು ಯಾರೋ ಅಂದದ್ದು ರಜನಿಗೆ ಕೇಳಿಸಿತು. ಕೇಳಿಸಲಿ ಎಂದೇ ಅಂದದ್ದು. ಅವಳು ತಲೆ ತಿರುಗಿಸಲಿಲ್ಲ.

ಹೊಗೆಸೊಪ್ಪಿನ ವಿಷಯ ರಜನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟದ್ದೇ ಬೀಡಿ ಕಟ್ಟಲು. ಮೂಲ್ಕಿಯ ಹತ್ತಿರದ ಅವರ ಮನೆಯಲ್ಲಿ ತಾಯಿ ಮಗಳು ಎದುರುಬದುರು ಕೂತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟುತ್ತಿದ್ದರು. ತಾಯಿ ಕೆಮ್ಮುತ್ತ ಕಟ್ಟಿದಳು, ಕಟ್ಟುತ್ತ ಕೆಮ್ಮಿದಳು. ನಲವತ್ತನಾಲ್ಕು ತುಂಬುವಾಗ ಹೋದಳು. ಅವಳು ಒಂದು ದಿನವೂ ಬೀಡಿ ಸೇದಿದವಳಲ್ಲ.

ದಾಮೋದರನದೂ ಬೀಡಿ ಕಟ್ಟುವ ಮನೆಯೇ. ಅವನ ತಾಯಿ ಕಟ್ಟಿದ ಬೀಡಿಯಲ್ಲೇ ಅಣ್ಣ ತಮ್ಮ ದೊಡ್ಡವರಾದರು. ವಾಮನ ಮೊದಲು ಸೂರತ್‌ಗೆ ಬಂದು ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಗೇಟಿನ ಎದುರು ಕ್ಯಾಂಟೀನ್ ಇಟ್ಟ. ಆಮೇಲೆ ದಾಮೋದರನನ್ನು ಕರೆಸಿಕೊಂಡ. ದಾಮೋದರ ಅಲ್ಲಿ ಮಿಲ್ಲಿನವರ ಜೊತೆ ಬೀಡಿ ಸೇದಲು ಕಲಿತ. ತಾಯಿ ಕಟ್ಟಿದ್ದನ್ನು ಊರಲ್ಲಿ ಮುಟ್ಟದವನು ಪರವೂರಲ್ಲಿ ಯಾರೋ ಕಟ್ಟಿದ್ದನ್ನು ಸೇದಿದ.

ಹೆಣ್ಣು ನೋಡಲು ಬಂದಾಗ ರಜನಿ ಒಂದೇ ಮಾತು ಕೇಳಿದ್ದಳು.

“ಬೀಡಿ ಬಿಡ್ತೀರಾ?”

“ಬಿಡ್ತೇನೆ.”

“ಯಾವಾಗ?”

“ಈಗ,” ಎಂದು ಅವನು ಅಂಗಿಯ ಕಿಸೆಯಿಂದ ಕಟ್ಟು ತೆಗೆದು ತೆಂಗಿನ ಬುಡಕ್ಕೆ ಎಸೆದಿದ್ದ. ಆ ಒಂದು ಎಸೆತಕ್ಕೆ ರಜನಿ ಮರುಳಾದಳು. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ಹದಿನೈದು ವರ್ಷ ಅವನು ಮಾತು ಉಳಿಸಿಕೊಂಡ. ಅದನ್ನೂ ಹೇಳಬೇಕು, ಸುಳ್ಳು ಹೇಳಬಾರದು.

ಅಣ್ಣನ ಕ್ಯಾಂಟೀನು ಬಿಟ್ಟು ಗಂಡ ಹೆಂಡತಿ ವಡೋದರಕ್ಕೆ ಬಂದು ಮಕರಪುರದ ಕಾರ್ಖಾನೆಗಳ ನಡುವೆ ಸ್ವಂತ ಹೋಟೆಲು ತೆರೆದರು. ಇಡ್ಲಿ, ವಡೆ, ದೋಸೆ, ಕಾಫಿ. ಹಿಟ್ಟು, ಸಾಂಬಾರು ರಜನಿಯ ಕೈಯದು. ಗಲ್ಲಾದಲ್ಲಿ ದಾಮೋದರ. ಗಿರಾಕಿಗಳು ಅವನನ್ನು ಹೆಸರು ಹಿಡಿದು ಕರೆದವರಲ್ಲ. ದಕ್ಷಿಣದವರೆಲ್ಲ ಅವರಿಗೆ ‘ಅಣ್ಣಾ’. “ಅಣ್ಣಾ, ಏಕ್ ಮಸಾಲಾ, ಜಲ್ದಿ.” ಆ ಅಣ್ಣಾದಲ್ಲಿ ಅಣ್ಣನೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಕೈ ಚಿಟಿಕೆ ಹೊಡೆದ ಹಾಗೆ ಇರುತ್ತಿತ್ತು. ರಜನಿಗೆ ಅದು ತಾಗುತ್ತಿರಲಿಲ್ಲ. ದಾಮೋದರನಿಗೆ ತಾಗುತ್ತಿತ್ತು ಎಂದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ಹಾಗೆ ಬರುತ್ತಿದ್ದವರಲ್ಲಿ ಒಬ್ಬ ಕಿರೀಟ್‌ಭಾಯ್. ವಾಲ್ವ್ ಮಾಡುವ ಕಾರ್ಖಾನೆಯ ಧಣಿ. ಒಂದು ವರ್ಷ ಅವನ ಕಾರ್ಖಾನೆಗೆ ಹೊಸ ಮೆಷಿನ್ ಕೂರಿಸಲು ಸ್ಪೇನ್ ದೇಶದ ಎಂಜಿನಿಯರ್ ಒಬ್ಬ ಬಂದ. ಅವನಿಗೆ ಇಲ್ಲಿನ ಸಿಹಿ ಬೇಳೆ ಸೇರಲಿಲ್ಲ. ಮೂರು ತಿಂಗಳು ದಿನಾ ಎರಡು ಹೊತ್ತು ದಾಮೋದರನ ಹೋಟೆಲಿನಲ್ಲಿ ಸಾದಾ ದೋಸೆ ತಿಂದ. ಹೋಗುವ ದಿನ ದಾಮೋದರನ ಕೈ ಕುಲುಕಿ, ಅಲ್ಯೂಮಿನಿಯಂ ನಳಿಗೆಯಲ್ಲಿದ್ದ ಒಂದು ಸಿಗಾರು ಕೊಟ್ಟ.

ದಾಮೋದರ ಅದನ್ನು ಸೇದಲಿಲ್ಲ. ಗಲ್ಲಾದ ಮೇಲಿನ ದೇವರ ಪಟದ ಹಿಂದೆ ಇಟ್ಟ. ಆಗಾಗ ತೆಗೆದು ಮೂಗಿಗೆ ಹಿಡಿಯುತ್ತಿದ್ದ.

“ಎಂತ ಅದು, ದೇವರ ಪ್ರಸಾದವಾ?” ಎಂದು ರಜನಿ ಕೇಳಿದಳು.

“ಮೂಸಿ ನೋಡು. ನಮ್ಮಮ್ಮನ ಸೀರೆಯ ಪರಿಮಳ.”

“ನಮ್ಮಮ್ಮನ ಸೀರೆಗೂ ಇತ್ತು ಆ ಪರಿಮಳ. ಅದನ್ನು ಅವಳ ಜೊತೆಯೇ ಸುಟ್ಟಾಯಿತು.”

ಅವನು ನಗುತ್ತ ಒಳಗಿಟ್ಟ. ಅಂದೇ ಕಿತ್ತು ಸಾಂಬಾರಿನ ಒಲೆಗೆ ಹಾಕಬೇಕಿತ್ತು. ಒಂದು ಸಿಗಾರು ತಾನೇ ಎಂದು ಬಿಟ್ಟಳು. ಬಿಟ್ಟದ್ದು ಅವಳ ತಪ್ಪು.

ಹೋಟೆಲಿನ ಮಾಳಿಗೆಯಲ್ಲಿ ಏಸಿ ಹಾಲ್ ತೆರೆದ ದಿನ ಕಿರೀಟ್‌ಭಾಯ್ ಬಂದವನು ಪಟದ ಹಿಂದಿನ ನಳಿಗೆ ನೋಡಿದ. ಇಬ್ಬರೂ ಅದನ್ನು ಹಿಡಿದು ತಾರಸಿಗೆ ಹೋದರು. ಕೆಳಗೆ ಬಂದಾಗ ದಾಮೋದರನ ಬಾಯಿಂದ ವಾಸನೆ ಬಂತು.

“ಮಾತು ಕೊಟ್ಟಿದ್ದಿರಿ,” ಎಂದಳು ರಜನಿ.

“ಬೀಡಿಗೆ ಕೊಟ್ಟದ್ದು. ಇದರ ಹೊಗೆಯನ್ನು ಒಳಗೆ ಎಳೆಯುವ ಕ್ರಮವೇ ಇಲ್ಲ ಮಾರಾಯ್ತಿ. ಬಾಯಲ್ಲಿ ಸ್ವಲ್ಪ ಇಟ್ಟು ಬಿಡುವುದು, ಅಷ್ಟೆ. ಶ್ವಾಸಕೋಶಕ್ಕೆ ಹೋಗುವುದೇ ಇಲ್ಲ.”

“ಯಾರು ಹೇಳಿದ್ದು?”

“ಎಲ್ಲರೂ ಹೇಳ್ತಾರೆ.”

ಎಲ್ಲರೂ ಅಂದರೆ ಕಿರೀಟ್‌ಭಾಯ್.

ಮೊದಲು ಹಬ್ಬಕ್ಕೊಂದು. ಆಮೇಲೆ ತಿಂಗಳಿಗೊಂದು. ಆಮೇಲೆ ಭಾನುವಾರ ಸಂಜೆ ಕಿರೀಟ್‌ಭಾಯಿಯ ಬಂಗಲೆಯ ಹುಲ್ಲುಹಾಸಿನಲ್ಲಿ. ಗುಜರಾತಿನಲ್ಲಿ ಬಹಿರಂಗವಾಗಿ ಕುಡಿಯುವಂತಿಲ್ಲ. ಉಳ್ಳ ಗಂಡಸರಿಗೆ ಒಟ್ಟಿಗೆ ಕೂರಲು ಏನಾದರೊಂದು ನೆಪ ಬೇಕು. ಆರೇಳು ಧಣಿಗಳು ಬೆತ್ತದ ಕುರ್ಚಿಯಲ್ಲಿ ಕೂತು ಹೊಗೆ ಬಿಡುತ್ತಿದ್ದರು. ಅವರ ನಡುವೆ ಇಡ್ಲಿ ಮಾರುವ ದಾಮೋದರ.

ಅವನನ್ನು ಯಾಕೆ ಕೂರಿಸಿಕೊಂಡರು? ಅವನ ಬೆರಳಿಗಾಗಿ. ಬೀಡಿ ಮನೆಯಲ್ಲಿ ಬೆಳೆದವನಿಗೆ ಎಲೆ ಮುಟ್ಟಿದರೆ ತಿಳಿಯುತ್ತದೆ. ಎಷ್ಟು ಒಣಗಿದೆ, ಎಷ್ಟು ಹಸಿ, ಸುತ್ತು ಸಡಿಲವೋ ಬಿಗಿಯೋ. ಅವನು ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತಿದ್ದ. ಸದ್ದು ಕೇಳಿ ಹೇಳುತ್ತಿದ್ದ, ಇದು ಸರಿಯಾಗಿ ಉರಿಯುತ್ತದೆ, ಇದು ಒಂದು ಬದಿ ಉರಿಯುತ್ತದೆ ಎಂದು. ಹೇಳಿದ ಹಾಗೇ ಆಗುತ್ತಿತ್ತು. ಧಣಿಗಳು ಬಾಯಿ ಬಿಟ್ಟು ನೋಡುತ್ತಿದ್ದರು. ಅಣ್ಣಾ ಹೋಗಿ ದಾಮೋದರ್‌ಭಾಯ್ ಆಯಿತು. “ದಾಮೋದರ್‌ಭಾಯ್, ಇದನ್ನು ಸ್ವಲ್ಪ ನೋಡಿ” ಎಂದು ವಿದೇಶದಿಂದ ತಂದದ್ದನ್ನು ಅವನ ಕೈಗೆ ಕೊಡುತ್ತಿದ್ದರು.

ಆ ಬೆರಳು ಅವನಿಗೆ ಬಂದದ್ದು ತಾಯಿಯಿಂದ. ಆ ತಾಯಿಯನ್ನು ಯಾರೂ ಕುರ್ಚಿ ಕೊಟ್ಟು ಕೂರಿಸಲಿಲ್ಲ. ಅವಳು ಬೀಡಿ ಒಪ್ಪಿಸಲು ಕಂಪನಿಯ ಬ್ರಾಂಚಿಗೆ ಹೋದರೆ, ಸುತ್ತು ಸರಿ ಇಲ್ಲ ಎಂದು ಹಿಡಿ ಹಿಡಿ ಬೀಡಿಯನ್ನು ಅವಳ ಎದುರೇ ಮುರಿದು ಹಾಕುತ್ತಿದ್ದರು. ರಜನಿಯ ಬೆರಳೂ ಅಂಥದೇ. ಅವಳನ್ನು ಯಾವ ಕಿರೀಟ್‌ಭಾಯಿಯೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು.

ದಾಮೋದರ ಫೋನಿನಲ್ಲಿ ನೋಡಿ ನೋಡಿ ಕಲಿತ. ಯಾವ ದೇಶದ ಎಲೆ, ಹೊರಗೆ ಸುತ್ತುವುದು ಯಾವುದು, ಒಳಗೆ ತುಂಬುವುದು ಯಾವುದು. ತುದಿ ಕತ್ತರಿಸುವ ಪುಟ್ಟ ಕತ್ತಿ ತಂದ. ಅಹಮದಾಬಾದಿಗೆ ಮಸಾಲೆ ಸಾಮಾನು ತರಲು ಹೋದವನು ಸಿಗಾರಿನ ಅಂಗಡಿಯಲ್ಲಿ ಮಧ್ಯಾಹ್ನ ಕಳೆದು ಬರುತ್ತಿದ್ದ. ಹೆಂಡತಿಯ ಹುಟ್ಟಿದ ದಿನ ನೆನಪಿಲ್ಲದವನಿಗೆ ಯಾವ ಸಿಗಾರು ಯಾವ ತಿಂಗಳು ತಂದದ್ದು ಎಂಬ ನೆನಪು ಇರುತ್ತಿತ್ತು.

ಸಿಗಾರು ಒಣಗಬಾರದು, ಸ್ವಲ್ಪ ತೇವ ಬೇಕು. ವಡೋದರದ ಬೇಸಿಗೆ ಹಪ್ಪಳ ಒಣಗಿಸುವಂಥದ್ದು. ಎಲ್ಲಿಡುವುದು? ವೀಳ್ಯದೆಲೆಯನ್ನು ನಾವು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುವುದಿಲ್ಲವೇ, ಹಾಗೇ ಇದೂ ಎಂದು ಅವನು ಲೆಕ್ಕ ಹಾಕಿದ. ಒದ್ದೆ ಬೈರಾಸಿನಲ್ಲಿ ಸುತ್ತಿ, ಹೋಟೆಲಿನ ಉಗ್ರಾಣದಲ್ಲಿ, ತಂಪಾಗಿದೆ ಎಂದು ಕೊತ್ತಂಬರಿ ಬೀಜದ ಚೀಲದ ಮೇಲೆ ಇಟ್ಟ. ಇಪ್ಪತ್ತು ದಿನ ಬಿಟ್ಟು ತೆಗೆದಾಗ ಸಿಗಾರಿನ ಮೈಯೆಲ್ಲ ಸೂಜಿ ಚುಚ್ಚಿದ ಹಾಗೆ ತೂತು. ಕೆಂಪು ಬಣ್ಣದ, ಎಳ್ಳಿನ ಗಾತ್ರದ ಹುಳು ಹೊರಗೆ ಬಂದವು. ಕೊತ್ತಂಬರಿಯಲ್ಲೂ ಅವೇ. ಬ್ಯಾಡಗಿ ಮೆಣಸಿನಲ್ಲೂ ಅವೇ.

“ನಿನ್ನ ಕೊತ್ತಂಬರಿಯ ಹುಳು ನನ್ನ ಸಿಗಾರು ತಿಂದಿತು,” ಎಂದು ಅವನು ಹತ್ತು ಜನ ಕೆಲಸದವರ ಎದುರು ಕೂಗಿದ.

“ನಿಮ್ಮ ಚುಟ್ಟದ ಹುಳು ನನ್ನ ಕೊತ್ತಂಬರಿ ತಿಂದಿತು.”

“ಚುಟ್ಟ ಅನ್ನಬೇಡ. ಸಿಗಾರು.”

“ಹುಳುವಿಗೆ ಗೊತ್ತಾ ಅದು?”

ಆ ದಿನ ಉಗ್ರಾಣದ ಮಸಾಲೆಯೆಲ್ಲ ತಿಪ್ಪೆಗೆ ಹೋಯಿತು. ಸಾಂಬಾರಿಲ್ಲದೆ ಹೋಟೆಲು ಅರ್ಧ ದಿನ ಮುಚ್ಚಿತು. ರಜನಿ ಎರಡು ವಾರ ಅವನ ಜೊತೆ ಮಾತಾಡಲಿಲ್ಲ. ಅವನು ಆ ಎರಡು ವಾರದಲ್ಲಿ ಅಹಮದಾಬಾದಿನಿಂದ ಮರದ ಪೆಟ್ಟಿಗೆ ತರಿಸಿದ. ಮುಚ್ಚಳದಲ್ಲಿ ತೇವ ಎಷ್ಟೆಂದು ತೋರಿಸುವ ಗಡಿಯಾರದಂಥ ಮುಳ್ಳು. ಒಳಗೆ ನೀರಿಡಲು ಪುಟ್ಟ ತಟ್ಟೆ. ಅದನ್ನು ಮಲಗುವ ಕೋಣೆಯಲ್ಲಿಟ್ಟು ದಿನಕ್ಕೊಂದು ತೆಗೆಯತೊಡಗಿದ. ಬೇಸಿಗೆಯಲ್ಲಿ ಪೆಟ್ಟಿಗೆ ಬಿಸಿಯಾಗಬಾರದೆಂದು ಹಗಲೂ ಏಸಿ. ಮಗ ಅಕ್ಷಯ್ ಪಕ್ಕದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಬೆವರುತ್ತ ಪರೀಕ್ಷೆಗೆ ಓದುತ್ತಿದ್ದ.

“ನಾನೂ ಪೆಟ್ಟಿಗೆಯೊಳಗೆ ಮಲಗಲಾ ಮಮ್ಮಿ?” ಎಂದು ಅವನು ಕೇಳಿದಾಗ ರಜನಿ ನಕ್ಕಿದ್ದಳು. ಹುಡುಗನಿಗೂ ಅಪ್ಪನ ಹುಚ್ಚು ಕಂಡರೆ ಆಗುವುದಿಲ್ಲ ಎಂದುಕೊಂಡಿದ್ದಳು.

ಕಾಯಿಲೆ ಬಾಯಲ್ಲೇ ಬಂತು. ಎಡ ಕೆನ್ನೆಯ ಒಳಗೆ ಬಿಳಿ ಮಚ್ಚೆ. ಖಾರ ತಾಗಿದರೆ ಉರಿ. ಹಲ್ಲು ತಾಗಿದ್ದು ಎಂದ. ಸುಣ್ಣ ತಾಗಿದ್ದು ಎಂದ, ಎಲೆ ಅಡಿಕೆ ತಿನ್ನದವನು. ಅಹಮದಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರು ತಂಬಾಕು ಉಂಟಾ ಎಂದು ಕೇಳಿದಾಗ ಅವನು ರಜನಿಯ ಕಡೆ ನೋಡದೆ, “ಬೀಡಿ ಬಿಟ್ಟು ಮೂವತ್ತು ವರ್ಷ ಆಯಿತು” ಎಂದ.

“ಚುಟ್ಟ ಸೇದ್ತಾರೆ. ದಿನಾ,” ಎಂದಳು ರಜನಿ ತನಗೆ ಬರುವ ಹಿಂದಿಯಲ್ಲಿ.

ಅರ್ಧ ದವಡೆ ತೆಗೆದರು. ಮೂಗಿಗೆ ನಳಿಗೆ ಹಾಕಿದರು. ಸಾವಿರ ಜನಕ್ಕೆ ಉಣ್ಣಿಸಿದವನಿಗೆ ನಾಲ್ಕು ತಿಂಗಳು ಸಿರಿಂಜಿನಲ್ಲಿ ಗಂಜಿ ನೀರು. ರಜನಿ ಹಗಲು ಕೂರುತ್ತಿದ್ದಳು. ಸಂಜೆಗೆ ಅಕ್ಷಯ್ ಬರುತ್ತಿದ್ದ. ಮಾತಾಡಲಾಗದೆ ದಾಮೋದರ ಸ್ಲೇಟಿನಲ್ಲಿ ಬರೆಯುತ್ತಿದ್ದ. ‘ನೋವು.’ ‘ನೀರು.’ ‘ನೀನು ಉಂಡೆಯಾ?’ ಕೊನೆಯದನ್ನು ದಿನಾ ಬರೆಯುತ್ತಿದ್ದ. ಅದಕ್ಕೂ ಅವಳಿಗೆ ಸಿಟ್ಟು ಬರುತ್ತಿತ್ತು. ಈಗ ಕೇಳುತ್ತಾರೆ.

ಅಂಥ ಬಾಯಿಗೆ ಎಲೆಯಲ್ಲಿ ಮತ್ತೆ ಸಿಗಾರು ಇಡಬೇಕಂತೆ.

ಹದಿಮೂರನೆಯ ದಿನ ರಜನಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಎಲ್ಲ ತಾನೇ ಮಾಡಿದಳು. ಮೀನು ಸೂರತ್‌ನಿಂದ ಮಂಜುಗಡ್ಡೆಯಲ್ಲಿ ಬಂದಿತ್ತು. ಬಂಗುಡೆಗೆ ಹುಳಿ ಮುಂದಾಗಿ ಹಾಕಿದಳು, ಅವನಿಗೆ ಹಾಗೇ ಬೇಕು. ಹನ್ನೊಂದು ಗಂಟೆಗೆ ಜನ ಸೇರಿದರು. ಮಲಗುವ ಕೋಣೆಯನ್ನು ಗುಡಿಸಿ ಎಲೆ ಹಾಕಿದರು. ಬಡಿಸುವುದು ಮಗನ ಕೆಲಸ. ಅಕ್ಷಯ್ ಒಂದೊಂದೇ ಬಡಿಸುತ್ತಿದ್ದ, ವಾಮನ ಹೇಳಿಕೊಡುತ್ತಿದ್ದ. ರಜನಿ ಬಾಗಿಲಿಗೆ ಒರಗಿ ನಿಂತಿದ್ದಳು.

ಆಗ ಕಿರೀಟ್‌ಭಾಯ್ ಬಂದ. ಬಿಳಿ ಬಟ್ಟೆ, ಕೈಯಲ್ಲಿ ಒಂದು ನಳಿಗೆ.

“ಭಾಭಿ, ನನ್ನ ಗೆಳೆಯನಿಗೆ ಕೊನೆಯದೊಂದು.”

“ನಿಮ್ಮ ಗೆಳೆಯನಿಗೆ ಮೊದಲಿನದು ಸೇದಿಸಿದ್ದೂ ನೀವೇ. ಸಾಕು.”

“ರಜನಿ,” ಎಂದು ವಾಮನ ಗದರಿದ. “ಮನೆಗೆ ಬಂದವರಿಗೆ ಹೀಗಾ ಹೇಳುವುದು? ಅಕ್ಷಯ್, ತಗೊ ಅದನ್ನು. ಇಡು.”

ಅಕ್ಷಯ್ ತಾಯಿಯ ಮುಖ ನೋಡಿದ. ದೊಡ್ಡಪ್ಪನ ಮುಖ ನೋಡಿದ. ನಳಿಗೆ ತೆಗೆದುಕೊಂಡು ಮುಚ್ಚಳ ಬಿಚ್ಚಿ ಸಿಗಾರನ್ನು ಹೊರಗೆ ಜಾರಿಸಿದ. ಆಮೇಲೆ, ತನಗೇ ಗೊತ್ತಿಲ್ಲದ ಹಾಗೆ, ಅದನ್ನು ಕಿವಿಯ ಹತ್ತಿರ ಒಯ್ದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದ.

ರಜನಿ ಬಾಗಿಲು ಬಿಟ್ಟು ನೆಟ್ಟಗೆ ನಿಂತಳು.

“ಎಷ್ಟು ಸಮಯವಾಯಿತು?” ಎಂದು ಕೇಳಿದಳು.

“ಕ್ಯಾ, ಮಮ್ಮಿ?”

“ನೀನು ಸೇದಲು ಶುರು ಮಾಡಿ.”

ಅಕ್ಷಯ್ ಸಿಗಾರನ್ನು ಕೆಳಗಿಳಿಸಿದ.

“ದೋ ಸಾಲ್. ಪಪ್ಪಾನೇ ಕಲಿಸಿದ್ದು. ಭಾನುವಾರ ಕಿರೀಟ್ ಅಂಕಲ್ ಮನೇಲಿ. ಪಪ್ಪಾ ಹೇಳಿದ್ರು, ನಿನ್ನ ಕೈ ನಂದಕ್ಕಿಂತ ಅಚ್ಛಾ ಇದೆ ಅಂತ.”

“ಅಪ್ಪನಿಗೆ ಕಾಯಿಲೆ ಬಂದ ಮೇಲೆ?”

ಅವನು ತಲೆ ತಗ್ಗಿಸಿದ.

“ನಿನ್ನನ್ನೇ ಕೇಳಿದ್ದು.”

“ಹಾಸ್ಪಿಟಲ್‌ನಲ್ಲಿ ಪಪ್ಪಾ ಸ್ಲೇಟ್‌ನಲ್ಲಿ ಬರೀತಿದ್ರು. ಕೆಳಗೆ ಕಾರಲ್ಲಿ ಒಂದು ಸೇದಿ ಬಾ ಅಂತ. ಬಂದು ಹತ್ತಿರ ಕೂರು ಅಂತ. ನನ್ನ ಶರ್ಟ್ ಸ್ಮೆಲ್ ಮಾಡ್ತಿದ್ರು. ಅಷ್ಟೇ ಮಮ್ಮಿ. ಬೇರೆ ಏನೂ ಅವರಿಗೆ ಆಗ್ತಿರಲಿಲ್ಲ. ನಾ ಹೇಗೆ ಇಲ್ಲ ಅನ್ನೋದು?”

ಆ ಅಂಗಿಗಳನ್ನು ಒಗೆದದ್ದು ರಜನಿ. ನೋಡಲು ಬಂದ ಕಿರೀಟ್‌ಭಾಯ್ ಹುಡುಗನನ್ನು ಅಪ್ಪಿಕೊಂಡಿರಬೇಕು, ಅದರ ವಾಸನೆ ಎಂದುಕೊಂಡಿದ್ದಳು. ಅರ್ಧ ದವಡೆ ಹೋದವನು, ಅದು ಏನು ಮಾಡುತ್ತದೆ ಎಂದು ತನ್ನ ಮುಖದಲ್ಲೇ ಕಂಡವನು, ಒಬ್ಬನೇ ಮಗನನ್ನು ಕಾರಿಗೆ ಕಳಿಸಿ ಸೇದಿಸುತ್ತಿದ್ದ. ಅವಳಿಗೆ ಸ್ಲೇಟಿನಲ್ಲಿ ‘ಉಂಡೆಯಾ’ ಎಂದು ಬರೆದದ್ದನ್ನು ಒರೆಸಿ, ಅದೇ ಸ್ಲೇಟಿನಲ್ಲಿ ಇದನ್ನು ಬರೆದಿದ್ದ.

ಅಲ್ಲಿಯವರೆಗೆ ಅವಳಿಗೆ ಸತ್ತವನ ಮೇಲೆ ಸಿಟ್ಟು ಮಾತ್ರ ಇತ್ತು. ಈಗ ಹೆದರಿಕೆಯಾಯಿತು.

ಅವಳು ಕೋಣೆಯೊಳಗೆ ನಡೆದಳು. ಕಪಾಟಿನ ಮೇಲಿನಿಂದ ಮರದ ಪೆಟ್ಟಿಗೆ ಇಳಿಸಿದಳು. ಹೆಂಗಸು ಈಗ ಒಳಗೆ ಹೋಗಬಾರದು ಎಂದು ಯಾರೋ ಅಂದರು. ಅವಳು ಎಲೆಯ ಎದುರು ನಿಂತು ಪೆಟ್ಟಿಗೆಯ ಮುಚ್ಚಳ ತೆರೆದು ಬೋರಲು ಹಾಕಿದಳು. ಸಿಗಾರೆಲ್ಲ ನೀರುದೋಸೆಯ ಮೇಲೆ, ಬಂಗುಡೆಯ ಮೇಲೆ, ಅನ್ನದ ಮೇಲೆ ಬಿದ್ದು ಉರುಳಿದವು. ನೀರಿನ ತಟ್ಟೆಯೂ ಬಿತ್ತು. ಮುಳ್ಳಿನ ಗಡಿಯಾರ ಕಿತ್ತು ಅದನ್ನೂ ಹಾಕಿದಳು. ಆಮೇಲೆ ಮಗನ ಕೈ ಹಿಡಿದು ಬೆರಳು ಬಿಡಿಸಿ ಕಿರೀಟ್‌ಭಾಯ್ ತಂದದ್ದನ್ನೂ ಹಾಕಿದಳು.

“ಇದೆಂಥ ಅನಾಚಾರ,” ಎಂದ ವಾಮನ.

“ಇಷ್ಟದ್ದು ಬೀಳಬೇಕು ಅಂದದ್ದು ನೀವೇ ಅಲ್ಲವಾ ಭಾವ? ಬಿದ್ದಿದೆ.”

“ಒಂದು ಇಡು ಅಂದದ್ದು.”

“ಒಂದು ಇಟ್ಟರೆ ಉಳಿದದ್ದು ಇವನಿಗೆ ಉಳಿಯುತ್ತದೆ. ಎಲೆಗೆ ಬಿದ್ದದ್ದನ್ನು ಇನ್ನು ಯಾರು ಮುಟ್ಟುತ್ತೀರಿ, ಮುಟ್ಟಿ ನೋಡುವ.”

ಯಾರೂ ಮುಟ್ಟಲಿಲ್ಲ. ಕಿರೀಟ್‌ಭಾಯ್‌ಗೆ ಕ್ರಮ ಗೊತ್ತಿರಲಿಲ್ಲ. ಒಂದನ್ನು ಎತ್ತಿಕೊಳ್ಳಲು ಬಗ್ಗಿದ. ವಾಮನನೇ ಅವನ ತೋಳು ಹಿಡಿದು ತಡೆದ.

ರಜನಿ ಎಲೆಯ ಕಡೆ ನೋಡಿ, ಗಂಡನಿಗೆ ಯಾವಾಗಲೂ ಹೇಳುವ ದನಿಯಲ್ಲೇ ಹೇಳಿದಳು.

“ಎಲ್ಲ ನಿಮ್ಮದೇ. ಎಷ್ಟು ಬೇಕಾದರೂ ಸೇದಿ. ಹುಡುಗನ ಹತ್ತಿರ ಬರಬೇಡಿ. ನನ್ನ ಕಡೆಯಿಂದ ನಿಮಗೆ ಇನ್ನು ಏನೂ ಬಾಕಿ ಇಲ್ಲ.”

ಬಾಗಿಲು ಹಾಕಿದರು. ಹೊರಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಷಯ್ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ರಜನಿ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಕಿರೀಟ್‌ಭಾಯ್ ಊಟಕ್ಕೆ ನಿಲ್ಲದೆ ಹೋದ. ವಾಮನ ಉಂಡ, ಮಾತಾಡದೆ ಉಂಡ, ಎರಡು ಸಲ ಸಾರು ಹಾಕಿಸಿಕೊಂಡ.

ಮಧ್ಯಾಹ್ನ ಎಲೆಯನ್ನು ಮಡಚಿ ಬುಟ್ಟಿಯಲ್ಲಿಟ್ಟು ಮಹಿ ನದಿಗೆ ಒಯ್ದರು. ಹೆಂಗಸರು ಹೋಗುವ ಕ್ರಮ ಇಲ್ಲ ಎಂದ ವಾಮನ. ರಜನಿ ಆಗಲೇ ಕಾರಿನಲ್ಲಿ ಕೂತಾಗಿತ್ತು.

“ನೀನೇ ಬಿಡು,” ಎಂದು ದಡದಲ್ಲಿ ಮಗನಿಗೆ ಹೇಳಿದಳು.

ಅಕ್ಷಯ್ ಮೊಣಕಾಲುದ್ದದ ನೀರಿಗೆ ಇಳಿದು ಬುಟ್ಟಿ ಬಗ್ಗಿಸಿದ. ಅನ್ನ ಚದುರಿತು, ಮೀನುಗಳು ಬಂದವು. ಸಿಗಾರು ಮುಳುಗಲಿಲ್ಲ. ಒಂದರ ಪಕ್ಕ ಒಂದು ತೇಲುತ್ತ ದಡದ ಕಡೆಗೇ ಬಂದವು.

“ಹೋಗುವಾ ಮಮ್ಮಿ,” ಎಂದ ಅವನು.

“ನಿಲ್ಲು.”

“ಎಷ್ಟು ಹೊತ್ತು?”

“ಮುಳುಗುವವರೆಗೆ.”

ಅವನು ನೀರಿನಲ್ಲೇ ನಿಂತ. ದಡಕ್ಕೆ ಬಂದದ್ದನ್ನು ಒಂದು ಕೋಲಿನಿಂದ ಹಿಂದಕ್ಕೆ ತಳ್ಳಿದ. ಮತ್ತೆ ಬಂದವು, ಮತ್ತೆ ತಳ್ಳಿದ. ನೀರು ಕುಡಿದು ಕುಡಿದು ಒಂದೊಂದರ ಸುತ್ತು ಸಡಿಲವಾಯಿತು. ಹೊರಗಿನ ಎಲೆ ಬಿಚ್ಚಿತು, ಒಳಗಿನದು ಬಿಚ್ಚಿತು. ನೀರು ಕಂದಾಯಿತು. ರಜನಿ ಬಿಸಿಲಿಗೆ ಸೆರಗು ಹಾಕಿಕೊಂಡು ಕೊನೆಯದು ಬಿಚ್ಚಿ ಹೋಗುವವರೆಗೂ ಅಲ್ಲೇ ನಿಂತಳು. ಅವನನ್ನೂ ನಿಲ್ಲಿಸಿದಳು.